ಟ್ರಾಲಿ ಎಳೆಯುವ ಪಿಕಪ್‌ಗೆ ಯಾವ ಶಾಕ್ ಅಬ್ಸಾರ್ಬರ್?

ಕಾರ್ತಿಕ ಹುಣ್ಣಿಮೆಗೆ ಸಾರನಾಥದ ಮೂಲಗಂಧಕುಟಿ ವಿಹಾರದಲ್ಲಿ ಬುದ್ಧನ ಧಾತುಗಳನ್ನು ದರ್ಶನಕ್ಕೆ ಇಡುತ್ತಾರೆ. ಅನಾಗಾರಿಕ ಧರ್ಮಪಾಲರು ಕಟ್ಟಿಸಿ 1931ರ ನವೆಂಬರಿನಲ್ಲಿ ತೆರೆದ ಮಂದಿರ ಅದು. ಆ ಹುಣ್ಣಿಮೆಗೆ ನಾಲ್ಕು ದಿನ ಮೊದಲು ಬರುವ ಏಕಾದಶಿಯಿಂದ ಆ ಸೀಮೆಯ ಮದುವೆಯ ಹಂಗಾಮೂ ಶುರುವಾಗುತ್ತದೆ. ಇನ್ನೇನು, ಪೆಂಡಾಲಿನವರು, ಸೌಂಡಿನವರು, ಲೈಟಿನವರು ಎಲ್ಲರೂ ಒಟ್ಟಿಗೆ ರಸ್ತೆಗಿಳಿಯುತ್ತಾರೆ. ವಾರಾಣಸಿಯಿಂದ ಆಶಾಪುರ ದಾಟಿ ಸಾರನಾಥಕ್ಕೆ ಹೋಗುವ ದಾರಿಯಲ್ಲಿ ಡೆಕ್ಕಿನ ತುಂಬ ಕಬ್ಬಿಣದ ಪೈಪು, ರತ್ನಗಂಬಳಿ ಹೇರಿಕೊಂಡು, ಬೆನ್ನಿಗೆ ಜನರೇಟರ್ ಟ್ರಾಲಿ ಸಿಕ್ಕಿಸಿಕೊಂಡು ಹೊರಟ ಪಿಕಪ್ಪು ಕಾಣದಿದ್ದರೆ ಆಶ್ಚರ್ಯ. ಕಾಶಿಗೆ ಹೋದ ನಮ್ಮ ಕಡೆಯವರು ಸಾರನಾಥವನ್ನು ಬಿಡುವುದಿಲ್ಲ. ಅಲ್ಲಿ ಧಮೇಕ ಸ್ತೂಪ, ಸಿಂಹದ ಬೋದಿಗೆ ನೋಡಿ ಬರುತ್ತಾರೆ. ಗಾಡಿ ಇಟ್ಟುಕೊಂಡವರಾದರೆ ಈ ಪಿಕಪ್ಪುಗಳ ಹಿಂದಿನ ಚಕ್ರವನ್ನೂ ಒಮ್ಮೆ ನೋಡಬೇಕು. ರಸ್ತೆ ಉಬ್ಬು ದಾಟಿದ ಮೇಲೆ ಕೆಲವು ಗಾಡಿ ಒಂದೇ ಸಲ ಕುಗ್ಗಿ ಸುಮ್ಮನಾಗುತ್ತವೆ. ಕೆಲವು ಮೂರು ನಾಲ್ಕು ಸಲ ಕುಣಿಯುತ್ತಲೇ ಮುಂದೆ ಹೋಗುತ್ತವೆ. ಹಾಗೆ ಕುಣಿಯುವ ಗಾಡಿಯ ಶಾಕ್ ಅಬ್ಸಾರ್ಬರ್ ಮುಗಿದಿದೆ.

ದಾವಣಗೆರೆಯ ಶಾಮಿಯಾನದವರದ್ದೂ ಇದೇ ಕಥೆ, ಮಂಡ್ಯದಲ್ಲಿ ಆರ್‌ಸಿಸಿ ಹಾಕಲು ಮಿಕ್ಸರ್ ಎಳೆದೊಯ್ಯುವವರದ್ದೂ ಇದೇ ಕಥೆ. ಶಾಕ್ ಬದಲಿಸಬೇಕು ಅಂತ ಅಂಗಡಿಗೆ ಹೋದರೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ: ‘ಟ್ರಾಲಿ ಎಳೀತೀರಾ? ಹಾಗಾದ್ರೆ ಹೆವಿ ಡ್ಯೂಟಿನೇ ಹಾಕಿಸಿ.’ ಈ ಸಲಹೆಯಲ್ಲಿ ಅರ್ಧ ಮಾತ್ರ ನಿಜ. ಎಷ್ಟೋ ಜನ ಮಿಕ್ಕ ಅರ್ಧಕ್ಕೂ ದುಡ್ಡು ಸುರಿದು, ಗಾಡಿಯನ್ನು ಮೊದಲಿಗಿಂತ ಒರಟು ಮಾಡಿಕೊಂಡು ಮನೆಗೆ ಬರುತ್ತಾರೆ.

ಮೊದಲು ತಿಳಿಯಬೇಕಾದ್ದು, ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಹೊರುವುದು ಕಮಾನ್ ಪಟ್ಟಿ. ಬೊಲೆರೊ ಪಿಕಪ್ಪೇ ಇರಲಿ, ಟಾಟಾ ಯೋಧ ಇರಲಿ, ಇಸುಜು ಡಿ-ಮ್ಯಾಕ್ಸ್, ಟೊಯೊಟಾ ಹೈಲಕ್ಸ್ ಇರಲಿ, ಹಿಂದಿನ ಆಕ್ಸಲ್ ಮೇಲೆ ಕೂತಿರುವುದು ಪಟ್ಟಿಗಳ ಕಟ್ಟೇ. ಪಟ್ಟಿ ಒಮ್ಮೆ ಬಾಗಿದರೆ ಶಕ್ತಿಯನ್ನು ಹಿಡಿದಿಟ್ಟುಕೊಂಡು ತಿರುಗಿ ಒದೆಯುತ್ತದೆ. ಆ ಒದೆತವನ್ನು ನಿಧಾನಿಸುವುದಷ್ಟೇ ಶಾಕ್‌ನ ಕೆಲಸ. ಆಫೀಸಿನ ಬಾಗಿಲ ನೆತ್ತಿಗೆ ಹಾಕುವ ಡೋರ್ ಕ್ಲೋಸರ್ ಒಳಗೂ ಇದೇ ಏರ್ಪಾಡು ಇದೆ: ಬಾಗಿಲನ್ನು ಎಳೆಯುವುದು ಸ್ಪ್ರಿಂಗು, ಅದು ದಢಾರನೆ ಬಡಿಯದಂತೆ ತಡೆಯುವುದು ಸಣ್ಣ ರಂಧ್ರದಲ್ಲಿ ನುಸುಳುವ ಎಣ್ಣೆ. ಶಾಕ್‌ನಲ್ಲಿ ಪಿಸ್ಟನ್ನು ಎಣ್ಣೆಯೊಳಗೆ ಮೇಲೆ ಕೆಳಗೆ ಆಡುತ್ತದೆ, ಎಣ್ಣೆ ವಾಲ್ವುಗಳ ಮೂಲಕ ತೂರಿ ಬಿಸಿಯಾಗುತ್ತದೆ. ಪಟ್ಟಿಯ ಒದೆತವೆಲ್ಲ ಹೀಗೆ ಶಾಖವಾಗಿ ಗಾಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಶಾಕ್ ಕುಗ್ಗುವಾಗ ಕೊಡುವ ತಡೆಗಿಂತ ಹಿಗ್ಗುವಾಗ ಕೊಡುವ ತಡೆ ಹೆಚ್ಚು, ಏಕೆಂದರೆ ಪಳಗಿಸಬೇಕಾದ್ದು ಪಟ್ಟಿಯ ಮರುಒದೆತವನ್ನು.

ಆದ್ದರಿಂದ ಟ್ರಾಲಿ ಸಿಕ್ಕಿಸಿದ ಕೂಡಲೇ ಹಿಂಭಾಗ ಕೂತುಬಿಡುವ ಗಾಡಿಗೆ ಎಂಥ ದುಬಾರಿ ಶಾಕ್ ಹಾಕಿದರೂ ಅದು ಎದ್ದು ನಿಲ್ಲುವುದಿಲ್ಲ. ಗ್ಯಾಸ್ ತುಂಬಿದ ಶಾಕ್ ಹಾಕಿದರೆ ಗಾಡಿ ತುಸು ಎತ್ತರವಾದಂತೆ ಕಾಣಬಹುದು. ಆ ಗ್ಯಾಸ್ ಇರುವುದು ಗಾಡಿ ಎತ್ತಲಿಕ್ಕಲ್ಲ, ಎಣ್ಣೆ ನೊರೆಯೇಳದಂತೆ ಒತ್ತಿ ಹಿಡಿಯಲಿಕ್ಕೆ.

ಟ್ರಾಲಿಯಲ್ಲಿ ಎರಡು ಜಾತಿ. ನಾಲ್ಕು ಚಕ್ರದ್ದು ಒಂದು. ಇದರ ಮುಂದಿನ ಆಕ್ಸಲ್ ಎಳೆಗಂಬದ ಜೊತೆ ತಿರುಗುತ್ತದೆ, ಎಳೆಗಂಬ ಬುಡದಲ್ಲಿ ಕೀಲು ಹಾಕಿಕೊಂಡಿರುತ್ತದೆ. ದೊಡ್ಡ ಜನರೇಟರುಗಳು ಬಹುಪಾಲು ಇಂಥವುಗಳ ಮೇಲೇ ಕೂತಿರುತ್ತವೆ. ಇವುಗಳ ತೂಕ ಇವುಗಳ ಚಕ್ರದ ಮೇಲೇ ಇರುತ್ತದೆ. ಪಿಕಪ್ಪಿನ ಕೊಕ್ಕೆ ಹೊರಬೇಕಾದ್ದು ಬರೀ ಎಳೆಗಂಬದ ತೂಕ. ಎರಡನೆಯದು ಒಂದೇ ಆಕ್ಸಲ್ಲಿನ ಎರಡು ಚಕ್ರದ ಟ್ರಾಲಿ. ಸಣ್ಣ ಜನರೇಟರ್, ಕಂಪ್ರೆಸರ್, ಕೆಲವು ಮಿಕ್ಸರ್ ಈ ಜಾತಿಯವು. ಇಲ್ಲಿ ಟ್ರಾಲಿಯ ಮೂತಿ ಕೊಕ್ಕೆಯ ಮೇಲೆ ಒರಗಿರುತ್ತದೆ. ಈ ಎರಡರಲ್ಲಿ ನಿಮ್ಮದು ಯಾವುದು ಅಂತ ಕೇಳದೆ ಶಾಕ್ ಮಾರುವ ಅಂಗಡಿಯವನಿಗೆ ನಿಮ್ಮ ಸಮಸ್ಯೆ ಅರ್ಥವಾಗಿಲ್ಲ.

ಎರಡು ಚಕ್ರದ ಟ್ರಾಲಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಟ್ರಾಲಿ ಒಟ್ಟು 1,200 ಕೆ.ಜಿ. ಇದೆ, ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 120 ಕೆ.ಜಿ. ಕೊಕ್ಕೆಯ ಮೇಲೆ ಬೀಳುತ್ತದೆ ಎಂದುಕೊಳ್ಳಿ. ಕೊಕ್ಕೆ ಇರುವುದು ಹಿಂದಿನ ಆಕ್ಸಲ್ಲಿಗಿಂತ 1.2 ಮೀಟರ್ ಹಿಂದೆ, ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ 3 ಮೀಟರ್. ಸನ್ನೆಕೋಲಿನ ಲೆಕ್ಕದಲ್ಲಿ ಮುಂದಿನ ಚಕ್ರಗಳ ಮೇಲಿನಿಂದ 48 ಕೆ.ಜಿ. ಎದ್ದುಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ 168 ಕೆ.ಜಿ. ಬಂದು ಕೂರುತ್ತದೆ. ಸ್ಟೀರಿಂಗ್ ಹಗುರವಾದಂತೆ ಅನಿಸುವುದು ಆ 48 ಕೆ.ಜಿ.ಯ ದೆಸೆಯಿಂದ.

ಹಿಂಭಾಗ 3 ಸೆಂಟಿಮೀಟರ್ ಇಳಿದರೆ, ಆಕ್ಸಲ್ಲುಗಳ ನಡುವೆ 3 ಮೀಟರ್ ಇರುವ ಗಾಡಿಯ ಓರೆ ನೂರಕ್ಕೆ ಒಂದು. ಡಿಮ್ ಲೈಟನ್ನು ಸಾಮಾನ್ಯವಾಗಿ ಕೆಳಗೆ ಬಾಗಿಸಿರುವುದೂ ನೂರಕ್ಕೆ ಒಂದು, ಒಂದೂವರೆಯಷ್ಟೇ. ಅಂದರೆ ಮೂರು ಸೆಂಟಿಮೀಟರ್ ಕುಸಿದ ಪಿಕಪ್ಪಿನ ಡಿಮ್ ಲೈಟು ನೆಟ್ಟಗೆ ಎದುರಿನವರ ಕಣ್ಣಿಗೆ. ಡಿಸೆಂಬರ್-ಜನವರಿಯಲ್ಲಿ ಗಂಗೆಯ ಬಯಲಿಗೆ ಇಳಿಯುವ ಮಂಜಿನಲ್ಲಿ ಹಾಗೆ ಮೇಲೆದ್ದ ಬೆಳಕು ಎದುರಿನವರಿಗೂ ಕಷ್ಟ, ಡ್ರೈವರಿಗಂತೂ ಬಿಳಿ ಗೋಡೆ. ಮದುವೆ ಹಂಗಾಮಿನ ಒಂದಷ್ಟು ದಿನಗಳೂ ಆ ಹೊತ್ತಿನಲ್ಲೇ ಬರುತ್ತವೆ. ಆದರೆ ಇದು ಶಾಕ್ ಬದಲಿಸಿದರೆ ಹೋಗುವ ರೋಗವಲ್ಲ. ಟ್ರಾಲಿಯ ಮೇಲೆ ಯಂತ್ರವನ್ನು ತುಸು ಹಿಂದೆ ಸರಿಸಬೇಕು, ಇಲ್ಲವೇ ಪಟ್ಟಿಯ ಕಟ್ಟನ್ನು ನೋಡಬೇಕು. ತೀರಾ ಹಿಂದೆ ಸರಿಸುವ ಹಾಗೂ ಇಲ್ಲ. ಮೂತಿ ಹಗುರವಾದ ಟ್ರಾಲಿ ವೇಗ ಹತ್ತಿದೊಡನೆ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಆ ಅಲ್ಲಾಟವನ್ನೂ ಶಾಕ್ ತಡೆಯುವುದಿಲ್ಲ. ದೊಡ್ಡ ಪಿಕಪ್ಪುಗಳ ನಾಡಾದ ಅಮೆರಿಕದಲ್ಲಿ ಟ್ರಾಲಿಯ ತೂಕದ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲಿರಲಿ ಅನ್ನುತ್ತಾರೆ. ನಿಧಾನಕ್ಕೆ ಎಳೆಯುವ ಯೂರೋಪಿನಲ್ಲಿ ಅದಕ್ಕಿಂತ ಕಡಿಮೆಗೂ ಒಪ್ಪುತ್ತಾರೆ. ನಮ್ಮಲ್ಲಿ ಆ ಲೆಕ್ಕ ಹಾಕುವವರೇ ವಿರಳ.

ಪಿಕಪ್ಪಿನ ಮಾಲೀಕರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಇದೆ. ನಮ್ಮ ಸರಕಿನ ಪಿಕಪ್ಪುಗಳ ಕಾರ್ಖಾನೆ ಶಾಕ್ ತಯಾರಾಗಿರುವುದೇ ಭಾರದ ದೊಡ್ಡ ಏರಿಳಿತಕ್ಕೆ. ಬೊಲೆರೊ ಪಿಕಪ್ಪಿನ ಒಂದು ಮಾದರಿ 1.7 ಟನ್ ಹೊರುತ್ತದೆ, 2022ರಲ್ಲಿ ಬಂದ ಯೋಧ 2.0 ಎರಡು ಟನ್ ಹೊರುತ್ತದೆ. ಖಾಲಿ ಡೆಕ್ಕಿಗೂ ತುಂಬಿದ ಡೆಕ್ಕಿಗೂ ಹಿಂದಿನ ಪಟ್ಟಿಯ ಮೇಲಿನ ಭಾರ ಮೂರು ಪಟ್ಟಾಗಬಹುದು. ಬೇಕಾದ ತಡೆಯು ಭಾರದ ವರ್ಗಮೂಲದ ಪ್ರಕಾರ ಏರುತ್ತದೆ, ಅಂದರೆ ಭಾರ ಮೂರು ಪಟ್ಟಾದರೆ ತಡೆ 1.7 ಪಟ್ಟು. ಖಾಲಿಯಿದ್ದಾಗ ತೀರಾ ಬಿಗಿಯಾಗದೆ, ತುಂಬಿದ್ದಾಗ ತೀರಾ ಸಡಿಲವಾಗದೆ ಇರುವಂತೆ ಕಾರ್ಖಾನೆಯವರು ಎಲ್ಲೋ ನಡುವೆ ಹೊಂದಿಸಿರುತ್ತಾರೆ. ಇಷ್ಟು ಅಗಲದ ಹೊಂದಾಣಿಕೆಯ ಎದುರು ಕೊಕ್ಕೆಯಿಂದ ಬರುವ 168 ಕೆ.ಜಿ. ಏನೂ ಅಲ್ಲ. ಖಾಲಿ ಡೆಕ್ಕಿನಲ್ಲಿ ಟ್ರಾಲಿ ಎಳೆಯುವ ಬೊಲೆರೊಗೆ ಹೆವಿ ಡ್ಯೂಟಿ ಶಾಕ್ ಬೇಕಿಲ್ಲ, ಒಳ್ಳೆಯ ಸ್ಥಿತಿಯಲ್ಲಿರುವ ಕಾರ್ಖಾನೆ ಅಳತೆಯ ಶಾಕ್ ಸಾಕು. ಬಿಗಿ ಶಾಕ್ ಹಾಕಿದರೆ ಖಾಲಿ ಬರುವಾಗ ಹಿಂದಿನ ಚಕ್ರ ಗುಂಡಿಗೆ ಇಳಿಯುವ ಬದಲು ಮೇಲೇ ಹಾರಿಕೊಂಡು ಹೋಗುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಅದರ ಫಲ ಗೊತ್ತಾಗುತ್ತದೆ.

ಮಾತು ಬದಲಾಗುವುದು ಸಾರನಾಥದ ರಸ್ತೆಯ ಪಿಕಪ್ಪಿನಂತೆ ಡೆಕ್ಕನ್ನೂ ತುಂಬಿಕೊಂಡು ಟ್ರಾಲಿಯನ್ನೂ ಎಳೆದಾಗ. ಆಗ ಎರಡು ಭಾರವೂ ಹಿಂದಿನ ಆಕ್ಸಲ್ ಮೇಲೆ. ಕೊಕ್ಕೆಯ ಭಾರ ಡೆಕ್ಕಿನ ಲೆಕ್ಕದಲ್ಲೇ ಸೇರುತ್ತದೆ, ಹೊರಗಿನದಲ್ಲ. 1.7 ಟನ್ನಿನ ಗಾಡಿಗೆ 1.7 ಟನ್ ಹೇರಿ ಮೇಲೆ ಟ್ರಾಲಿ ಸಿಕ್ಕಿಸಿದರೆ ಅದು ಓವರ್‌ಲೋಡ್. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಮಿತಿಯೊಳಗೇ ಇದ್ದು ದಿನಾ ಹೀಗೆ ದುಡಿಯುವ ಗಾಡಿಗೆ ಮಾತ್ರ ಒಂದು ಮೆಟ್ಟಿಲು ಮೇಲಿನ ಶಾಕ್ ಯೋಗ್ಯ. ಹೈಲಕ್ಸ್, ಇಸುಜು ವಿ-ಕ್ರಾಸ್‌ನಂಥವುಗಳ ವಿಷಯವೂ ಬೇರೆ. ಅವನ್ನು ಸವಾರಿ ಸುಖಕ್ಕೂ ಹೊಂದಿಸಿರುವುದರಿಂದ ಎಳೆಯುವಾಗ ಶಾಕ್ ಸಡಿಲ ಅನಿಸಬಹುದು. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿ ತನ್ನ ಓಲ್ಡ್ ಮ್ಯಾನ್ ಈಮೂ ಶಾಕ್‌ಗಳನ್ನು ಗಾಡಿಯ ಮೇಲೆ ಸದಾ ಇರುವ ಭಾರಕ್ಕೆ ತಕ್ಕ ಸ್ಪ್ರಿಂಗಿನ ಜೊತೆ ಜೋಡಿಸಿ ಮಾರುತ್ತದೆ. ಸರಿಯಾದ ದಾರಿ ಅದು. ಬರೀ ಶಾಕ್ ಮಾರುವುದು ಅರ್ಧ ವ್ಯಾಪಾರ.

ಶಾಕ್ ಮೇಲೆ ತಪ್ಪು ಹೊರಿಸುವ ಮೊದಲು ಕೊಕ್ಕೆ ನೋಡಿ. ನಮ್ಮ ಟ್ರಾಲಿಗಳಲ್ಲಿ ತೂತು-ಪಿನ್ನಿನ ಜೋಡಣೆಯೇ ಹೆಚ್ಚು. ವರ್ಷಗಟ್ಟಲೆ ಸವೆದು ಪಿನ್ನು ಸಣ್ಣದಾಗಿ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಗೇರ್ ಬದಲಿಸಿದಾಗೊಮ್ಮೆ, ಬ್ರೇಕ್ ತುಳಿದಾಗೊಮ್ಮೆ ‘ಢಣ್’ ಅಂತ ಹೊಡೆತ. ಆ ಹೊಡೆತ ಚಾಸಿಯ ಉದ್ದಕ್ಕೂ ಬಂದು ಸೀಟಿಗೆ ಮುಟ್ಟಿದಾಗ ಡ್ರೈವರು ಶಾಕ್ ಹೋಗಿದೆ ಅನ್ನುತ್ತಾನೆ. ಅದು ಸವೆದ ಪಿನ್ನು, ಹೊಸದಕ್ಕೆ ಶಾಕ್‌ನ ಎದುರು ಪುಡಿಗಾಸು. ಜೊತೆಗೆ ಮಿಕ್ಸರ್‌ನಂಥ ಟ್ರಾಲಿಗೆ ಎಷ್ಟೋ ಸಲ ಸ್ಪ್ರಿಂಗೇ ಇರುವುದಿಲ್ಲ, ಆಕ್ಸಲ್ಲನ್ನು ನೇರ ಫ್ರೇಮಿಗೆ ಬೆಸೆದಿರುತ್ತಾರೆ. ಅದರ ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇಡೀ ಯಂತ್ರವೇ ಎಗರುತ್ತದೆ, ಮೂತಿ ಪಿಕಪ್ಪಿನ ಬಾಲವನ್ನು ಎತ್ತಿ ಕುಕ್ಕುತ್ತದೆ. ಇದಕ್ಕೆ ಇರುವ ಒಂದೇ ಔಷಧ ನಿಧಾನ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿರುವ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಸವರಿದಂಥ ಉಬ್ಬು. ಊರವರು ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡಿದ ಉಬ್ಬಿಗೆ ಈ ಅಳತೆ ಯಾವುದೂ ಅನ್ವಯಿಸುವುದಿಲ್ಲ ಅಂತ ನಿಮಗೂ ಗೊತ್ತು. ಪಿಕಪ್ಪಿನ ಎರಡು ಜೊತೆ ಚಕ್ರ ದಾಟಿದ ಮೇಲೆ ಎರಡು ಚಕ್ರದ ಟ್ರಾಲಿಯ ಜೊತೆಯೂ ಅದನ್ನೇ ದಾಟಬೇಕು, ಒಂದು ಉಬ್ಬಿಗೆ ಮೂರು ಕುಲುಕು. 2018ರ ನವೆಂಬರಿನಲ್ಲಿ ವಾರಾಣಸಿ ವರ್ತುಲ ರಸ್ತೆಯ ಮೊದಲ ಹಂತ ತೆರೆದಾಗಿನಿಂದ ಸಾರನಾಥಕ್ಕೆ ಊರೊಳಗೆ ನುಗ್ಗದೆ ಬರಬಹುದು. ನುಣುಪಾದ ರಸ್ತೆಯಲ್ಲಿ ಉದ್ದ ಓಟ, ಆಮೇಲೆ ಗಲ್ಲಿಯ ಉಬ್ಬುಗಳು: ಶಾಕ್‌ಗೆ ಎರಡು ಬೇರೆ ಬೇರೆ ಪರೀಕ್ಷೆ.

ಭಾರ ಸಾಗಿಸುವಾಗ ಕುಲುಕು ತಪ್ಪಿಸುವ ಚಿಂತೆ ಹೊಸದೇನಲ್ಲ. ಸಾರನಾಥದ ಅಶೋಕ ಸ್ತಂಭ ಚುನಾರಿನ ಮರಳುಗಲ್ಲು; ಅದನ್ನು ತಂದ ಬಗೆಯನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಟೋಪ್ರಾದಿಂದ ಇಂಥದೇ ಒಂದು ಅಶೋಕ ಸ್ತಂಭವನ್ನು ದಿಲ್ಲಿಗೆ ಒಯ್ದಾಗಿನ ವರ್ಣನೆ ಷಮ್ಸ್ ಸಿರಾಜ್ ಅಫೀಫನ ಇತಿಹಾಸದಲ್ಲಿ ಇದೆ. ಬೂರುಗದ ಹತ್ತಿಯ ರಾಶಿ ಹಾಕಿ ಅದರ ಮೇಲೆ ಕಂಬವನ್ನು ಮೆಲ್ಲಗೆ ಮಲಗಿಸಿದರು, ಜೊಂಡು ಮತ್ತು ಹಸಿ ಚರ್ಮ ಸುತ್ತಿದರು, 42 ಚಕ್ರದ ಬಂಡಿಗೆ ಏರಿಸಿ ಯಮುನೆಯ ದಡಕ್ಕೆ ಎಳೆದು ದೋಣಿಗೆ ಹಾಕಿದರು.

ಮತ್ತೆ ಪಿಕಪ್ಪಿಗೆ ಬರೋಣ. ಹಳೆಯ ಶಾಕ್ ಹೋಗಿದೆಯೇ ಅಂತ ತಿಳಿಯಲು ಬಂಪರ್ ಒತ್ತಿ ನೋಡುವ ಕಾರಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಪಟ್ಟಿಗಳ ನಡುವಿನ ತಿಕ್ಕಾಟವೇ ಕುಣಿತವನ್ನು ಹಿಡಿದುಬಿಡುತ್ತದೆ, ಸತ್ತ ಶಾಕೂ ಬದುಕಿದಂತೆ ತೋರುತ್ತದೆ. ಬದಲಿಗೆ, ಹತ್ತು ಹದಿನೈದು ಕಿಲೋಮೀಟರ್ ಹಾಳು ರಸ್ತೆಯಲ್ಲಿ ಓಡಿಸಿ ಬಂದ ಕೂಡಲೇ ಎರಡೂ ಹಿಂದಿನ ಶಾಕ್‌ಗಳ ಮೈಗೆ ಹುಷಾರಾಗಿ ಬೆರಳ ತುದಿ ತಾಗಿಸಿ. ದುಡಿದದ್ದು ಬಿಸಿಯಾಗಿರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ. ಕೊಳವೆಯ ಮೇಲೆ ತೇವದ ಮಬ್ಬು ಮತ್ತು ಧೂಳು ಇದ್ದರೆ ಚಿಂತೆಯಿಲ್ಲ, ಎಣ್ಣೆ ಗೆರೆಗೆರೆಯಾಗಿ ಇಳಿದಿದ್ದರೆ ಸೀಲು ಹೋಗಿದೆ. ಟೈರಿನ ಮೇಲೆ ಕೈ ಸವರಿದಾಗ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೂ ಅದು ಶಾಕ್‌ನದೇ ದೂರು. ಬುಷ್ಷಿನ ರಬ್ಬರು ಒಡೆದಿದ್ದರೆ ಶಾಕ್ ಚೆನ್ನಾಗಿದ್ದೂ ಸದ್ದು ಮಾಡುತ್ತದೆ. ಬುಷ್ ಮಾತ್ರ ಬದಲಿಸಿದರೆ ಆಯಿತು.

ಬದಲಿಸುವುದೇ ಆದರೆ ಯಾವುದು? ಮಾರುಕಟ್ಟೆಯಲ್ಲಿ ಮೂರು ಬಗೆ. ಬರೀ ಎಣ್ಣೆಯ ಜೋಡಿ ಕೊಳವೆಯದು, ಅದೇ ಜೋಡಿ ಕೊಳವೆಗೆ ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ್ದು, ಹೆಚ್ಚಿನ ಒತ್ತಡದ ಒಂಟಿ ಕೊಳವೆಯದು. ಒಂಟಿ ಕೊಳವೆಯದನ್ನು ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೋನ್ ರೂಪಿಸಿದ, ಜರ್ಮನಿಯ ಬಿಲ್‌ಸ್ಟೈನ್ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಎಣ್ಣೆ ನೇರ ಹೊರಗೋಡೆಗೆ ತಾಗುವುದರಿಂದ ಶಾಖ ಬೇಗ ಬಿಡುತ್ತದೆ. ಉದ್ದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಭಾರ ಎಳೆಯುವವರಿಗೆ ಇದು ಒಳ್ಳೆಯದು. ಆದರೆ ಹೊರಕೊಳವೆಗೆ ಕಲ್ಲು ಸಿಡಿದು ತಗ್ಗಾದರೆ ಒಳಗಿನ ಪಿಸ್ಟನ್ನೇ ಕಚ್ಚಿಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಜೋಡಿ ಕೊಳವೆಯದು ಹೊರಗೆ ಜಜ್ಜಿದರೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಬರೀ ಎಣ್ಣೆಯದು ಅಗ್ಗ, ಆದರೆ ಒಂದೇ ಸಮನೆ ಕುಲುಕಿದರೆ ಗಾಳಿ ಎಣ್ಣೆಗೆ ಬೆರೆತು ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿಯಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ವಾರಾಣಸಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ಎಣ್ಣೆ ಮೊದಲೇ ತೆಳ್ಳಗಿರುತ್ತದೆ.

ಟ್ರಾಲಿ ಎಳೆಯುವ ನಮ್ಮ ಪಿಕಪ್ಪುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಕಾರ್ಖಾನೆ ಅಳತೆಯ, ಗ್ಯಾಸ್ ತುಂಬಿದ ಜೋಡಿ ಕೊಳವೆಯ ಶಾಕೇ ಸರಿ ಅಂತ ನನ್ನ ಅಭಿಪ್ರಾಯ. 1961ರಲ್ಲಿ ಶುರುವಾದ, ನಮ್ಮ ಗಡಿಯಾಚೆ ಹೊಸೂರಿನಲ್ಲೂ ಕಾರ್ಖಾನೆ ಇರುವ ಗೇಬ್ರಿಯಲ್ ಇಂಡಿಯಾದ್ದಾಗಲಿ, ಮನ್ರೋ, ಕೆವೈಬಿಯದ್ದಾಗಲಿ, ಗಾಡಿ ಕಂಪನಿಯದೇ ಡಬ್ಬಿಯದ್ದಾಗಲಿ, ನಿಮ್ಮ ಮಾದರಿಯ ನಂಬರಿಗೆ ಸರಿಹೊಂದುವುದನ್ನು ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ‘ಹೆವಿ ಡ್ಯೂಟಿ’ ಅನ್ನುವುದಕ್ಕೆ ಗೊತ್ತಾದ ಅಳತೆಯಿಲ್ಲ. ಒಬ್ಬರು ದಪ್ಪ ಕೊಳವೆಗೆ ಹಾಗನ್ನುತ್ತಾರೆ, ಇನ್ನೊಬ್ಬರು ಬಿಗಿ ವಾಲ್ವಿಗೆ, ಮತ್ತೊಬ್ಬರು ಬರೀ ಕೆಂಪು ಬಣ್ಣಕ್ಕೆ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಉದ್ದ. ಪೂರ್ತಿ ಕುಗ್ಗಿದಾಗ ಎಷ್ಟು, ಪೂರ್ತಿ ಹಿಗ್ಗಿದಾಗ ಎಷ್ಟು, ಈ ಎರಡು ಅಳತೆ ಹೊಂದಬೇಕು. ಭಾರ ಬಿದ್ದು ಆಕ್ಸಲ್ ಮೇಲೆ ಬಂದಾಗ ಮೊದಲು ತಾಗಬೇಕಾದ್ದು ಬಂಪ್ ಸ್ಟಾಪಿನ ರಬ್ಬರು. ಅದಕ್ಕೂ ಮೊದಲೇ ಶಾಕ್ ತಳ ಮುಟ್ಟಿದರೆ ಅದರ ಕಡ್ಡಿ ಬಾಗುತ್ತದೆ ಅಥವಾ ಮೇಲಿನ ಬ್ರಾಕೆಟ್ ಕಿತ್ತುಬರುತ್ತದೆ. ನಮ್ಮಲ್ಲಿ ಗಾಡಿ ಕುಸಿಯಿತು ಅಂದ ಕೂಡಲೇ ಕಮಾನಿನವನ ಹತ್ತಿರ ಹೋಗಿ ಒಂದು ಪಟ್ಟಿ ಹೆಚ್ಚಿಗೆ ಹಾಕಿಸುವ ರೂಢಿ. ಗಾಡಿ ಎರಡು ಮೂರು ಇಂಚು ಮೇಲೇಳುತ್ತದೆ, ಶಾಕ್ ಮಾತ್ರ ಹಳೆಯದೇ ಇರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಹಿಗ್ಗಲು ಜಾಗವಿಲ್ಲದೆ ಶಾಕ್ ತನ್ನನ್ನೇ ಜಗ್ಗಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಸೀಲು ಹೋಗುವ ಗಾಡಿಗಳ ಹಿಂದೆ ಬಹಳ ಸಲ ಇದೇ ಕಥೆ ಇರುತ್ತದೆ, ಬೈಗುಳ ಬೀಳುವುದು ಕಂಪನಿಗೆ. ಪಟ್ಟಿ ಹೆಚ್ಚಿಸಿದ್ದರೆ ಶಾಕ್ ಉದ್ದವೂ ಬೇಕು, ಹಿಗ್ಗುವ ಕಡೆ ತಡೆಯೂ ತುಸು ಹೆಚ್ಚು ಬೇಕು. ಆಗಲೇ ಹೇಳಿದ ಒಂದು ಮೆಟ್ಟಿಲು ಮೇಲಿನ ಶಾಕ್‌ಗೆ ಇದೂ ಒಂದು ಸರಿಯಾದ ಸಂದರ್ಭ.

ರೀಕಂಡೀಷನ್ ಶಾಕ್ ಬಗ್ಗೆ ಕೇಳುವವರು ಬಹಳ. ಹಳೆಯ ಕೊಳವೆ ಕೊಯ್ದು, ಸೀಲು ಹಾಕಿ, ಎಣ್ಣೆ ತುಂಬಿ, ಬೆಸುಗೆ ಹಾಕಿ ಬಣ್ಣ ಬಳಿಯುತ್ತಾರೆ. ಸವೆದ ವಾಲ್ವು, ಗೀರು ಬಿದ್ದ ಕಡ್ಡಿ ಹಾಗೇ ಉಳಿದಿರುತ್ತವೆ. ಊರೊಳಗೆ ತರಕಾರಿ ಸಾಗಿಸುವವನಿಗೆ ಒಂದು ಮಳೆಗಾಲ ಕಳೆಯಬಹುದು. ಟ್ರಾಲಿ ಎಳೆಯುವ ಗಾಡಿಗೆ ಬೇಡ. ನಕಲಿಯ ಕಾಟ ದಿಲ್ಲಿಯ ಕಾಶ್ಮೀರಿ ಗೇಟಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಇದ್ದದ್ದೇ. ಬಿಲ್ ಕೊಡಲು ಹಿಂದೆ ಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ಹಾಕಿಸುವಾಗ ಜೊತೆಯಲ್ಲೇ ಹಾಕಿಸಿ, ಒಂದೇ ಆಕ್ಸಲ್ಲಿನ ಎರಡೂ ಕಡೆ. ಗ್ಯಾಸ್ ಇಲ್ಲದ ಜೋಡಿ ಕೊಳವೆಯ ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿದರೆ ಡಬ್ಬಿಯಲ್ಲಿ ಮಲಗಿದ್ದಾಗ ಸೇರಿದ ಗಾಳಿ ಮೇಲೆ ಹೋಗುತ್ತದೆ. ಜೋಡಿ ಕೊಳವೆಯದನ್ನು ತಲೆಕೆಳಗು ಹಾಕಬಾರದು. ಶಾಕ್‌ನ ತುದಿಯ ಕಣ್ಣಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ಊರಿ ಗಾಡಿ ತನ್ನ ಎತ್ತರಕ್ಕೆ ನಿಂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್ಕಿಗೆ ಇದನ್ನು ಹೇಳಿದರೆ ಒಂದು ನೋಟ ಬೀರುತ್ತಾನೆ, ಪರವಾಗಿಲ್ಲ, ನಿಂತು ಮಾಡಿಸಿ.

ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ. ಟ್ರಾಲಿಯನ್ನು ವೇ ಬ್ರಿಡ್ಜಿಗೆ ಒಯ್ದು ಒಟ್ಟು ತೂಕ ನೋಡಿ. ಆಮೇಲೆ ಅದರ ಮೂತಿಯನ್ನು ಕೊಕ್ಕೆಯಿಂದ ಬಿಚ್ಚಿ, ಕೊಕ್ಕೆಯಷ್ಟೇ ಎತ್ತರದಲ್ಲಿ ಒಂದು ದಿಮ್ಮಿ ಕೊಟ್ಟು ಮಂಡಿಯ ತಕ್ಕಡಿಯ ಮೇಲೆ ಇಳಿಸಿ. ಸಾರನಾಥದವರಿಗೆ ಪಕ್ಕದಲ್ಲೇ ಪಹಾಡಿಯಾ ಮಂಡಿ ಇದೆ, ನಮ್ಮವರಿಗೆ ಎಪಿಎಂಸಿ ಇದೆ. ಆ ಎರಡು ಅಂಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ನೋಡಿಯೂ ಅಂಗಡಿಯವನು ಬಣ್ಣದ ಡಬ್ಬಿಯನ್ನೇ ಮುಂದಿಟ್ಟರೆ ಪಕ್ಕದ ಅಂಗಡಿಗೆ ಹೋಗಿ.